ಹನಮಂತನ ಮೊಳ

ನಾನು ಸಮುದ್ರ ನೋಡಿದವಳಲ್ಲ. ಹುಟ್ಟಿದ್ದು ಜರಗನಹಳ್ಳಿ, ಬೆಳೆದದ್ದು ಜರಗನಹಳ್ಳಿ, ಈಗ ಮುದುಕಿಯಾಗುತ್ತಿರುವುದೂ ಇಲ್ಲೇ. ಆದರೂ ಸಮುದ್ರ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಗಂಟೆ ಗಂಟೆಯ ಲೆಕ್ಕ ಬರೆಯುವ ಕೆಲಸವನ್ನು ಹದಿನೇಳು ವರ್ಷ ಮಾಡಿದೆ. ನಗಬೇಡಿ. ನಕ್ಕವರ ಬಾಯಿಯನ್ನೆಲ್ಲ ಮುಚ್ಚಿಸಿದ್ದೇನೆ. ಲಕ್ಷ್ಮಿದೇವಮ್ಮನ ಬಾಯಿಗೆ ಯಾರು ಬೀಳುತ್ತಾರೆ ಎಂದು ನಮ್ಮ ಬೀದಿಯವರೇ ಹೆದರುತ್ತಿದ್ದರು. ಆದರೆ ಬೈದು ನಾನು ಯಾರನ್ನೂ ಕೊಂದಿಲ್ಲ. ಬಾಯಿ ಮುಚ್ಚಿಕೊಂಡು ಕೂತು ಕೊಂದಿದ್ದೇನೆ. ಅದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಆಮೇಲೆ ನನ್ನ ಮೇಲೆ ಯಾರಿಗೂ ಕನಿಕರ ಹುಟ್ಟುವುದು ಬೇಡ.

ನಮ್ಮ ಆಫೀಸು ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ, ಮಹಡಿಯ ಮೇಲಿನ ಎರಡು ಕೋಣೆ. ಬಂದರುಗಳಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಅನಂತರಾಮು ಅವರು ಅದನ್ನು ನಡೆಸುತ್ತಿದ್ದರು. ದಡದಲ್ಲಿ ಯಾರೇ ಏನೇ ಕಟ್ಟಲಿ, ಮೊದಲು ಒಂದು ಪ್ರಶ್ನೆ ಕೇಳಬೇಕು: ಇಲ್ಲಿ ನೂರು ವರ್ಷದಲ್ಲಿ ಒಮ್ಮೆ ಬರಬಹುದಾದ ಅತಿ ಎತ್ತರದ ನೀರು ಎಷ್ಟು? ಆ ಉತ್ತರ ಕೊಡುವುದು ನಮ್ಮ ಕೆಲಸ. ಚಂಡಮಾರುತ ಬಂದಾಗ ಬರೀ ಅಲೆ ದೊಡ್ಡದಾಗುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ. ಗಾಳಿ ನೀರನ್ನು ದಡದ ಕಡೆಗೆ ತಳ್ಳಿ ತಳ್ಳಿ ಸಮುದ್ರದ ಮಟ್ಟವನ್ನೇ ಎತ್ತಿಬಿಡುತ್ತದೆ. ಅದರ ಮೇಲೆ ಅಲೆ. ಭರತದ ಹೊತ್ತಿಗೆ, ಅಂದರೆ ದಿನದ ಉಬ್ಬರ ತುದಿ ಮುಟ್ಟುವ ಹೊತ್ತಿಗೆ, ಸರಿಯಾಗಿ ಅದು ಬಂದರೆ ಊರಿಗೆ ಊರೇ ಕಡಲಿನೊಳಗೆ ಹೋಗುತ್ತದೆ.

ಈ ಏರಿಳಿತ ಅಳೆಯಲು ದಡದಲ್ಲಿ ಒಂದು ಗುಡಿಸಲು. ಹೊರಗೆ ನೀರಿನಲ್ಲಿ ನೆಟ್ಟ ಒಂದು ಅಳತೆ ಪಟ್ಟಿ, ಎಲ್ಲ ಎತ್ತರದ ಲೆಕ್ಕವೂ ಅದರ ಸೊನ್ನೆಯಿಂದಲೇ. ಒಳಗೆ ಬಾವಿಯಂಥ ಕೊಳವೆ, ಅದರಲ್ಲಿ ತೇಲುವ ಒಂದು ಡಬ್ಬಿ, ಡಬ್ಬಿಗೆ ಕಟ್ಟಿದ ಪೆನ್ನು. ನೀರು ಏರಿದರೆ ಪೆನ್ನು ಏರಿ, ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ಗೆರೆ ಎಳೆಯುತ್ತದೆ. ವಾರಕ್ಕೊಮ್ಮೆ ಕಾಗದ ಬದಲಾಯಿಸಲು ಒಬ್ಬ ಕಾವಲುಗಾರ. ಆ ಕಾಗದಗಳು ಟ್ರಂಕಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಕಿಟಕಿ ಪಕ್ಕದ ಮೇಜಿನಲ್ಲಿ, ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ನಾನು ಆ ಗೆರೆಗಳನ್ನು ಅಂಕಿಗಳಾಗಿ ಇಳಿಸುತ್ತಿದ್ದೆ. ಬಿ.ಎಸ್ಸಿ. ಮಾಡಿದ್ದೆ, ಜರಗನಹಳ್ಳಿಯಲ್ಲಿ ನಾನೇ ಮೊದಲು. ಆ ಕಿಟಕಿ ನನ್ನದು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ತೊಂಬತ್ತೈದರಲ್ಲಿ ಚೌಡುಲಂಕದ ಕೆಲಸ ಬಂತು. ಆಂಧ್ರದ ಕಡೆಯ ದಡದಲ್ಲಿ ಒಂದು ಬೆಸ್ತರ ಹಳ್ಳಿ. ಅಲ್ಲಿ ಚಂಡಮಾರುತ ಬಂದಾಗ ಜನ ಹತ್ತಿ ನಿಲ್ಲಲು ಕಂಬಗಳ ಮೇಲೆ ಒಂದು ಆಸರೆ ಮನೆ ಕಟ್ಟುವವರಿದ್ದರು. ಅದರ ನೆಲ ಎಷ್ಟು ಎತ್ತರ ಇರಬೇಕು ಎಂದು ನಾವು ಹೇಳಬೇಕು. ಎರಡು ಟ್ರಂಕು ಕಾಗದ ಬಂದವು, ಹತ್ತೊಂಬತ್ತು ವರ್ಷದ್ದು. ತೆರೆದು ನೋಡಿದರೆ ಷರಾ ಬರೆಯುವ ಜಾಗದಲ್ಲೆಲ್ಲ ಕನ್ನಡ!

ಕಾವಲುಗಾರ ಹನಮಂತ ಅಂತ, ರಾಯಚೂರು ಕಡೆಯವನು. ಸರ್ವೆಯವರ ಜೊತೆ ಸರಪಳಿ ಹಿಡಿಯಲು ಹೋದವನನ್ನು ಆ ಗುಡಿಸಲಿನಲ್ಲಿ ಬಿಟ್ಟುಬಂದಿದ್ದರು, ಅವನು ಅಲ್ಲೇ ಉಳಿದುಬಿಟ್ಟಿದ್ದ. ಅಂಕಿಯನ್ನು ಇಂಗ್ಲಿಷಿನಲ್ಲಿ ಬರೆದು ಮಿಕ್ಕದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದ. 'ಗಡಿಯಾರ ನಿಂತಿತ್ತು, ಕೀಲಿ ಕೊಟ್ಟೀನಿ.' 'ಏಡಿ ಕೊಳವಿಯಾಗ ಸಿಕ್ಕಿತ್ತು, ತಗದೀನಿ.' 'ಇವತ್ತ ನನ್ನ ಮದುವಿ ಆತು, ಕಾಗದ ಒಂದು ತಾಸು ತಡ.' ಹತ್ತೊಂಬತ್ತು ವರ್ಷ ಅದನ್ನು ಯಾರೂ ಓದಿರಲಿಲ್ಲ, ಅಲ್ಲಿನವರಿಗೆ ಕನ್ನಡ ಬಾರದು. ಓದುತ್ತಾ ಓದುತ್ತಾ ಅವನು ನನಗೆ ಪಕ್ಕದ ಮನೆಯವನೇ ಆಗಿಬಿಟ್ಟ. ಒಬ್ಬಳೇ ಕೂತು ನಗುವುದನ್ನು ಕಂಡು ಅನಂತರಾಮು, "ಏನ್ ಮೇಡಂ, ಚಾರ್ಟ್ ಓದ್ತಿದೀರೋ, ಕಾದಂಬರಿ ಓದ್ತಿದೀರೋ?" ಎನ್ನುತ್ತಿದ್ದರು.

ಹದಿನೇಳು ವರ್ಷ ಹಿಂದಿನ ಒಂದು ನವೆಂಬರಿನ ಕಾಗದ ಸಿಕ್ಕಿದಾಗ ಮಾತ್ರ ನಗು ನಿಂತುಹೋಯಿತು. ಗೆರೆ ಏರಿ ಏರಿ ಕಾಗದದ ಮೇಲಂಚು ಮುಟ್ಟಿ, ಅಂಚಿಗೇ ಅಂಟಿಕೊಂಡು ನೇರವಾಗಿ ಎರಡು ಬೆರಳಷ್ಟು ಹರಿದು, ಅಲ್ಲಿಗೆ ನಿಂತಿತ್ತು. ಮೇಲಂಚು ಎಂದರೆ ಮೂರೂ ಮುಕ್ಕಾಲು ಮೀಟರ್‌ಗೆ ಸ್ವಲ್ಪ ಕಡಿಮೆ. ಅದರ ಕೆಳಗೆ ಪೆನ್ಸಿಲಿನಲ್ಲಿ: 'ಪೆನ್ನು ಇನ್ನ ಮ್ಯಾಲ ಹೋಗಾಕ ಜಾಗ ಇಲ್ಲ. ನೀರು ಏರಾಕ ಹತ್ತೈತಿ. ಉಪ್ಪಿನ ಗೋದಾಮಿನ ಮಾಳಗಿ ಹತ್ತತೀನಿ.' ಮುಂದಿನ ಕಾಗದದಲ್ಲಿ ಗೆರೆಯೇ ಇಲ್ಲ, ಷರಾ ಮಾತ್ರ: 'ಗೋದಾಮಿನ ಗ್ವಾಡಿಗೆ ಕೆಸರಿನ ಗೆರಿ. ಅಳತಿ ಪಟ್ಟಿಯ ಸೊನ್ನಿಯಿಂದ ಹಗ್ಗ ಹಿಡಿದು ನೋಡೀನಿ. ನನ್ನ ಕೈಲೆ ಹನ್ನೆರಡು ಮೊಳ. ಮೂರು ಸಲ ಅಳದೀನಿ. ಊರಾಗ ಮನಿ ಉಳದಿಲ್ಲ.'

ಕಾಗದ ಹಿಡಿದು ಅನಂತರಾಮು ಹತ್ತಿರ ಓಡಿದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಎರಡು ಸಲ ಓದಿದರು.

"ಹನ್ನೆರಡು ಮೊಳ ಸರಿ. ಯಾರ ಮೊಳ ಮೇಡಂ? ಕೆಳಗಡೆ ಹೂ ಮಾರೋ ನಾರಾಯಣಮ್ಮನ ಮೊಳಾನ, ನನ್ನ ಮೊಳಾನ? ವರಮಹಾಲಕ್ಷ್ಮಿ ಹಬ್ಬದ ದಿನ ನಾರಾಯಣಮ್ಮನ ಕೈ ಎಷ್ಟು ಗಿಡ್ಡ ಆಗುತ್ತೆ ಅಂತ ನಿಮಗೇ ಗೊತ್ತಲ್ಲ."

"ತಮಾಷೆ ಬೇಡ ಸಾರ್. ಪೆನ್ನಿಗೆ ಜಾಗ ಇಲ್ದೆ ನಿಂತಿರೋದು. ನೀರು ನಿಂತಿಲ್ಲ."

"ಗೊತ್ತಾಯ್ತು. ಅವನಿಗೊಂದು ಕಾಗದ ಬರೀರಿ. ಅವನ ಮೊಳ ಎಷ್ಟು ಸೆಂಟಿಮೀಟರ್ ಅಂತ ತರಿಸಿ, ಲೆಕ್ಕಕ್ಕೆ ಹಾಕ್ಕೋತೀನಿ. ಬರ್ಲಿಲ್ಲ ಅಂದ್ರೆ ಮೆಷಿನ್ ಹೇಳಿದ್ದೇ ಲೆಕ್ಕ. ನಮ್ಮ ಕಸುಬೇ ಹಾಗೆ, ಅಳತೆ ಇಲ್ದೆ ಇರೋದನ್ನ ನಾನು ಬರೆಯೋಕಾಗಲ್ಲ."

ನ್ಯಾಯವಾದ ಮಾತು. ಅವರ ಮೇಲೆ ತಪ್ಪು ಹೊರಿಸಲು ನಾನು ಬಹಳ ವರ್ಷ ಹುಡುಕಿದ್ದೇನೆ, ಸಿಗಲಿಲ್ಲ. ಅವತ್ತೇ ಹನಮಂತನಿಗೆ ಕಾಗದ ಹಾಕಿದೆ.

ಅದಾದ ಮೇಲಿನ ಸೋಮವಾರ ಆಫೀಸಿಗೆ ಬಂದು ನೋಡುತ್ತೇನೆ, ನನ್ನ ಮೇಜು ಕಿಟಕಿಯ ಹತ್ತಿರ ಇಲ್ಲ! ಬಾಗಿಲ ಹಿಂದೆ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕಕ್ಕೆ ತಳ್ಳಿದ್ದಾರೆ. ಕಿಟಕಿಯ ಜಾಗದಲ್ಲಿ ಹೊಸ ಕಂಪ್ಯೂಟರು, ಅದರ ಮುಂದೆ ಹೊಸದಾಗಿ ಸೇರಿದ ಇಂಚರ ಎಂಬ ಹುಡುಗಿ. ಹದಿನಾಲ್ಕು ವರ್ಷ ಕೂತ ಜಾಗ. ಒಂದು ಮಾತು ಕೇಳಿರಲಿಲ್ಲ ನನ್ನನ್ನು.

"ಪ್ಲಗ್ ಪಾಯಿಂಟ್ ಅಲ್ಲೇ ಇರೋದು ಮೇಡಂ, ಏನು ಮಾಡೋದು," ಎಂದರು ಅನಂತರಾಮು, ಫೈಲಿನಿಂದ ತಲೆ ಎತ್ತದೆ.

ನನಗೆ ಮೈಯೆಲ್ಲ ಉರಿಯಿತು. ಆ ತಲೆ ಎತ್ತದೆ ಇದ್ದದ್ದೇ ಹೆಚ್ಚು ಉರಿಸಿತು. ಅಲ್ಲೇ ನಾಲ್ಕು ಮಾತು ಬೈದಿದ್ದರೆ ಮುಗಿದುಹೋಗುತ್ತಿತ್ತು. ಬೈಯಲಿಲ್ಲ. ಮಾತು ಬಿಟ್ಟೆ.

ನಮ್ಮ ಮನೆತನದಲ್ಲಿ ಇದೊಂದು ಕಾಯಿಲೆ. ನಮ್ಮಮ್ಮ ತನ್ನ ಸ್ವಂತ ತಂಗಿಯ ಜೊತೆ ಒಂದು ಒರಳು ಕಲ್ಲಿನ ವಿಷಯಕ್ಕೆ ಆರು ವರ್ಷ ಮಾತು ಬಿಟ್ಟಿದ್ದಳು, ಇಬ್ಬರದೂ ಒಂದೇ ಹಿತ್ತಲು. ಮಾತು ಬಿಟ್ಟವರು ಮೊದಲು ಮಾತಾಡಬಾರದು. ಎದುರಿನವರೇ ಬಂದು ಮಾತಾಡಿಸಬೇಕು. ಅಲ್ಲಿಯವರೆಗೆ ಅವರಿಗೆ ಬೇಕಾದ್ದು ನಮ್ಮ ಕೈಯಲ್ಲಿದ್ದರೂ ಎತ್ತಿ ಕೊಡಬಾರದು, ಕೇಳಿದರೆ ಮಾತ್ರ ಕೊಡಬೇಕು. ಈ ಕಾಯಿದೆಯನ್ನು ನಾವು ಯಾವ ದೇವರ ವ್ರತಕ್ಕೂ ಕಡಿಮೆಯಿಲ್ಲದಂತೆ ನಡೆಸಿಕೊಂಡು ಬಂದವರು.

ಹಾಗೆ ನಡೆಯಿತು ಆಫೀಸು. ಅವರು ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದರು. ನಾನು, "ಇಂಚರ, ಎಂಬತ್ನಾಲ್ಕರ ಚಾರ್ಟ್ ಮುಗೀತು ಅಂತ ಹೇಳಮ್ಮ ಅವರಿಗೆ," ಎನ್ನುತ್ತಿದ್ದೆ. ಇಂಚರ ಅಲ್ಲೇ ತಿರುಗಿ, "ಸಾರ್, ಎಂಬತ್ನಾಲ್ಕು ಮುಗೀತಂತೆ," ಎನ್ನುತ್ತಿದ್ದಳು. ಅವರು, "ಎಂಬತ್ತೈದು ಶುರು ಮಾಡೋಕೆ ಹೇಳಮ್ಮ," ಎನ್ನುತ್ತಿದ್ದರು. ಪಾಪದ ಹುಡುಗಿ, ಟೆಲಿಫೋನ್ ಕಂಬ ಆಗಿಹೋಗಿದ್ದಳು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು.

ಮಾತು ಬಿಟ್ಟ ಆರನೆಯ ದಿನ ಹನಮಂತನ ಕವರು ಬಂತು.

'ಲಕ್ಷ್ಮಿದೇವಮ್ಮ ಬಾಯಾರಿಗೆ ಹನಮಂತನ ಶರಣು. ನಾ ಬರದದ್ದು ಯಾರರ ಓದ್ಯಾರ ಅಂತ ತಿಳದು ಎದಿ ತುಂಬಿ ಬಂತು. ಇಲ್ಲಿ ಪಟ್ಟಿಗೆ ಉಪ್ಪಿನ ತುಕ್ಕು ಹತ್ತಿ ಅಂಕಿ ಕಾಣಂಗಿಲ್ಲ. ಅದಕ್ಕ ನನ್ನ ಕೈನ ಕಳಸೀನಿ. ಮೊಳಕೈಯಿಂದ ನಡಬೆರಳಿನ ತುದಿತನಕ ದಾರ ಹಿಡಿದು ಎರಡೂ ಕಡಿ ಗಂಟು ಹಾಕೀನಿ. ನೀವ ಅಳಕೋರಿ. ಹೊಸ ಕಟ್ಟಡ ಹನ್ನೆರಡು ಮೊಳಕ್ಕಿಂತ ಮ್ಯಾಲ ಇರಲಿ. ಇಲ್ಲಿ ಮಂದಿ ಆವಾಗ ಗೋದಾಮು ಹತ್ತಿ ಉಳದೀವಿ, ಮುಂದನೂ ಅದನ್ನ ಹತ್ತತೀವಿ ಅಂತಾರ. ಅದು ಹಳೇದು, ಒಂದಿಲ್ಲ ಒಂದಿನ ಬೀಳತೈತಿ. ಹೊಸಾದು ಘಟ್ಟಿ ಐತಿ, ಎತ್ತರ ಐತಿ ಅಂತ ನೀವು ಒಂದು ಮಾತು ಬರದ್ರ ನಾ ಎಲ್ಲಾರಿಗೂ ಹೇಳತೀನಿ.'

ಕವರಿನೊಳಗೆ ಬಲೆ ಹೆಣೆಯುವ ನೀಲಿ ದಾರ. ಮೇಜಿನ ಮೇಲೆ ಎಳೆದು ಅಳೆದೆ. ನಲವತ್ತಾರೂವರೆ ಸೆಂಟಿಮೀಟರ್. ಹನ್ನೆರಡರಿಂದ ಗುಣಿಸಿದೆ. ಐದೂವರೆ ಮೀಟರ್‌ಗಿಂತ ಜಾಸ್ತಿ. ಮೆಷಿನ್ನು ತೋರಿಸಿದ್ದಕ್ಕಿಂತ ಒಂದಾಳೆತ್ತರ ಮೇಲೆ. ಲೆಕ್ಕವೇ ಬುಡಮೇಲಾಗುವಂಥ ಅಂಕಿ.

ತಲೆ ಎತ್ತಿದೆ. ಅನಂತರಾಮು ಅಲ್ಲೇ ಇದ್ದರು. ಕಾಫಿ ಕುಡಿಯುತ್ತಿದ್ದರು. ಎದ್ದು ಐದು ಹೆಜ್ಜೆ ಹಾಕಿದರೆ ಮುಗಿಯುತ್ತಿತ್ತು, ಇಂಚರಳ ಕೈಗೆ ಕೊಟ್ಟರೂ ಆಗುತ್ತಿತ್ತು. ಆದರೆ ಈ ದಾರ ಅವರಿಗೆ ಬೇಕಾದ್ದು. ಬೇಕಾದವರು ಕೇಳಲಿ. 'ಮೊಳ ಬಂತಾ ಮೇಡಂ' ಎಂದು ಒಂದು ಮಾತು ಬಾಯಿಬಿಟ್ಟು ಕೇಳಿದರೆ ಮುಖದ ಮೇಲೆ ಇಡುತ್ತೇನೆ. ಕೇಳದೆ ಎಲ್ಲಿಗೆ ಹೋಗುತ್ತಾರೆ? ಹೀಗೆಂದುಕೊಂಡು ಕವರನ್ನು ಡ್ರಾಯರಿಗೆ ಹಾಕಿದೆ. ಕವರಿನ ಮೇಲೆ ಪೆನ್ಸಿಲಿನಲ್ಲಿ ತಾರೀಖು, ನಲವತ್ತಾರೂವರೆ ಎಂದು ಬರೆದಿಟ್ಟೆ. ಕೆಲಸದಲ್ಲಿ ನಾನು ಅಚ್ಚುಕಟ್ಟು.

ಅದೇ ಸಂಜೆ ಹನಮಂತನಿಗೆ ಕಾರ್ಡು ಬರೆದೆ. ಪಾಪ, ಕಾಯುತ್ತಿರುತ್ತಾನೆ ಎನಿಸಿತು. ಹೇಗೂ ನಾಳೆಯೋ ನಾಡಿದ್ದೋ ಸೇರಿಸುವುದೇ ತಾನೇ. 'ನಿಮ್ಮ ದಾರ ತಲುಪಿತು. ಹನ್ನೆರಡು ಮೊಳವನ್ನು ಲೆಕ್ಕಕ್ಕೆ ಹಿಡಿದಿದ್ದೇವೆ. ಹೊಸ ಕಟ್ಟಡ ಅದಕ್ಕಿಂತ ಎತ್ತರವಿರುತ್ತದೆ. ಎಲ್ಲರಿಗೂ ಧೈರ್ಯವಾಗಿ ಹೇಳಿ.' ಕೆಳಗೆ ಸಹಿ, ಆಫೀಸಿನ ವಿಳಾಸ.

ಅನಂತರಾಮು ಕೇಳಲಿಲ್ಲ. ಅವರಿಗೂ ಹಠವೋ, ಮರೆತೇ ಹೋಯಿತೋ. ಇಂಥ ಜಗಳದಲ್ಲಿ ಎದುರಿನವರು ಜಗಳ ನಡೆಯುತ್ತಿದೆ ಎಂದೇ ತಿಳಿಯದೆ ಇರುವುದೂ ಉಂಟು. ಮಾತು ಬಿಟ್ಟ ಮೇಲಿನ ಎರಡನೆಯ ಶನಿವಾರ ನಮ್ಮ ನಾದಿನಿಯ ಜೊತೆ ವಸಂತಪುರದ ದೇವಸ್ಥಾನಕ್ಕೆ ಹೋಗಲು ರಜ ಹಾಕಿದೆ. ಸೋಮವಾರ ಬಂದರೆ ಇಂಚರ ನಗುತ್ತಾ ಹೇಳಿದಳು: "ಮೇಡಂ, ಚೌಡುಲಂಕ ರಿಪೋರ್ಟ್ ಹೋಯ್ತು! ಶನಿವಾರಾನೇ ಬೈಂಡ್ ಮಾಡಿಸಿ ಕೊರಿಯರ್ ಮಾಡಿದ್ವಿ. ಅವರು ಅರ್ಜೆಂಟ್ ಅಂತ ಫೋನ್ ಮಾಡಿದ್ರು."

ನೆಲದ ಎತ್ತರ ಎಷ್ಟು ಬರೆದರು ಎಂದು ಅವಳನ್ನೇ ಕೇಳಿದೆ. ನಾಲ್ಕು ಮೀಟರ್ ಇಪ್ಪತ್ತು ಎಂದಳು. ಹನಮಂತನ ಕೈಯಲ್ಲಿ ಒಂಬತ್ತು ಮೊಳ.

ಆಗಲೂ ಹೊತ್ತು ಮೀರಿರಲಿಲ್ಲ. ಒಂದು ತಿದ್ದುಪಡಿ ಕಾಗದ ಸಾಕಿತ್ತು, ಅಲ್ಲಿ ಇನ್ನೂ ಗುಂಡಿ ಕೂಡ ತೋಡಿರಲಿಲ್ಲ. ಹತ್ತೊಂಬತ್ತನೆಯ ದಿನ ಅನಂತರಾಮು ತಾವಾಗಿ ಬಂದು ನನ್ನ ಮೇಜಿನ ಮುಂದೆ ನಿಂತರು. "ಮೇಡಂ, ಉದ್ದದ ವೈರ್ ತರಿಸಿದೀನಿ. ನಿಮ್ಮ ಟೇಬಲ್ ವಾಪಸ್ ಕಿಟಕಿ ಹತ್ರ ಹಾಕಿಸ್ತೀನಿ. ಕೋಪ ಬಿಡಿ ಇನ್ನ," ಎಂದರು. ಗೆದ್ದೆ. ಗೆದ್ದವಳು ಆಗ ಏನು ಹೇಳಬೇಕಿತ್ತು? 'ಸಾರ್, ಮೊಳ ಬಂದು ಎರಡು ವಾರವಾಯಿತು, ನೀವು ಕೇಳಲಿಲ್ಲವೆಂದು ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೆ' ಎನ್ನಬೇಕಿತ್ತು. ಹೇಳಲಿಲ್ಲ. ಇವತ್ತು ಬೇಡ, ನಾಳೆ. ನಾಳೆ ಬೇಡ, ದೀಪಾವಳಿ ಕಳೆಯಲಿ. ಹೀಗೆ ದಿನ ತಳ್ಳಿದೆ. ನೂರು ವರ್ಷಕ್ಕೊಮ್ಮೆ ಬರುವ ನೀರು ತಾನೇ, ಹದಿನೇಳು ವರ್ಷದ ಹಿಂದೆ ಬಂದುಹೋಗಿದೆ, ಇನ್ನು ನಮ್ಮ ಕಾಲಕ್ಕಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಏನೂ ಓದದವರು ಹಾಗೆ ಅಂದುಕೊಳ್ಳಲಿ. ನೂರು ವರ್ಷದ ನೀರು ಎಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ, ನಿನ್ನೆ ಬಂದದ್ದು ನಾಳೆಯೂ ಬರಬಹುದು ಎಂದು ಇಂಚರಳಿಗೆ ಪಾಠ ಹೇಳಿಕೊಟ್ಟವಳು ನಾನೇ.

ಮೂರನೆಯ ವರ್ಷದ ನವೆಂಬರಿನಲ್ಲಿ ಬಂತು.

ಬೆಳಿಗ್ಗೆ ಪೇಪರಿನಲ್ಲಿ ಓದಿದೆ. ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತು ಓದುತ್ತಿದ್ದೆ. ಚೌಡುಲಂಕ ಎಂಬ ಹೆಸರು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು. ಮಧ್ಯಾಹ್ನ ಮೂರು ಗಂಟೆಗೆ ಭರತದ ಜೊತೆಗೇ ನೀರು ಏರಿ, ಆಸರೆ ಮನೆಯ ನೆಲಕ್ಕಿಂತ ಎದೆಯೆತ್ತರ ಹರಿದಿತ್ತು. ಒಳಗಿದ್ದವರಲ್ಲಿ ನೂರ ಹದಿನೇಳು ಜನ ಸತ್ತಿದ್ದರು. ಕಟ್ಟಡಕ್ಕೆ ಏನೂ ಆಗಿರಲಿಲ್ಲ. ಊರಿನ ಹಳೆಯ ಉಪ್ಪಿನ ಗೋದಾಮಿನ ಮಾಳಿಗೆ ಹತ್ತಿದ ನಲವತ್ತು ಮಂದಿ ಬದುಕಿದ್ದರು. ಮೂರು ಬಸ್ಸು ಬಂದು ಹೋದವು. ನಾನು ಹತ್ತಲಿಲ್ಲ.

ಆಫೀಸಿನಲ್ಲಿ ಅನಂತರಾಮು ಎರಡೂ ಟ್ರಂಕಿನ ನಕಲುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ಎಪ್ಪತ್ತು ವರ್ಷದ ಮನುಷ್ಯ, ಮಂಡಿ ಊರಿಕೊಂಡು. ದಿನವೂ ಹಾಗೇ ಕೂರತೊಡಗಿದರು. ಕೂಡಿ ನೋಡುವುದು, ಕಳೆದು ನೋಡುವುದು. "ಎಲ್ಲಿ ತಪ್ಪಿದ್ವಿ ಗೊತ್ತಾಗ್ತಿಲ್ಲ ಮೇಡಂ. ಎಲ್ಲಾ ಸರಿ ಇದೆ. ಎಲ್ಲಾ ಸರಿ ಇದೆ," ಎನ್ನುವುದು. ಒಂದು ದಿನ ಆ ನವೆಂಬರಿನ ಕಾಗದ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು.

"ಮೇಡಂ, ಆ ಹನಮಂತನಿಗೆ ಬರೆದಿದ್ರಲ್ಲ, ಮೊಳ ಎಷ್ಟು ಅಂತ. ಉತ್ತರ ಬಂದಿತ್ತಾ? ನನಗೆ ನೆನಪೇ ಇಲ್ಲ."

ಡ್ರಾಯರು ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು. ದಾರ ಅದರೊಳಗೇ ಇತ್ತು.

"ಇಲ್ಲ ಸಾರ್. ಬರ್ಲಿಲ್ಲ."

"ನಾನಾದ್ರೂ ಇನ್ನೊಂದ್ಸಲ ಬರೀರಿ ಅನ್ನಬೇಕಿತ್ತು. ನನ್ನದೇ ತಪ್ಪು," ಎಂದರು.

ಮುಂದಿನ ಯುಗಾದಿಗೆ ಆಫೀಸು ಮುಚ್ಚಿದರು. ಶ್ರಾವಣದಲ್ಲಿ ಬನಶಂಕರಿಯ ಮನೆಯಲ್ಲಿ ತೀರಿಕೊಂಡರು. ಅವರ ಹೆಂಡತಿ ಸೀತಮ್ಮನವರು ನನ್ನ ಕೈ ಹಿಡಿದುಕೊಂಡು, "ಕೊನೆಗೂ ಅದೇ ಧ್ಯಾನ ಕಣಮ್ಮ, ನನ್ನಿಂದ ಜನ ಸತ್ರು ಅನ್ನೋದೇ," ಎಂದು ಅತ್ತರು. ಅವರ ಕೈಯನ್ನು ನಾನು ಒತ್ತಿ ಹಿಡಿದೆ. ಸಮಾಧಾನದ ಮಾತೂ ಹೇಳಿದೆ. ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ಎರಡು ಸಾವಿರದ ಇಸವಿ, ಫೆಬ್ರವರಿ. ಒಂದು ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಗೇಟಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಇಳಕಲ್ ಸೀರೆ, ಹಣೆ ಖಾಲಿ. ಮನೆ ಬಾಡಿಗೆ ಕೇಳಲು ಬಂದವಳು ಎಂದುಕೊಂಡು, "ಯಾವ ಮನೇನೂ ಖಾಲಿ ಇಲ್ಲಮ್ಮ," ಎಂದೆ.

"ಮನಿ ಕೇಳಾಕ ಬಂದಿಲ್ರಿ ಅಕ್ಕಾರ. ಲಕ್ಷ್ಮಿದೇವಮ್ಮ ಬಾಯಾರು ನೀವ ಏನ್ರಿ? ಜಯನಗರದಾಗ ನಿಮ್ಮ ಆಫೀಸ್ ಮುಚ್ಚಿತ್ತು. ಕೆಳಗ ಹೂ ಮಾರೂ ಅಮ್ಮ ಇಲ್ಲಿಗೆ ದಾರಿ ಹೇಳಿದ್ರು. ನಾ ತಂಗೆವ್ವ ಅಂತ್ರಿ. ಚೌಡುಲಂಕದ ಹನಮಂತ ಅವರ ಮನಿಯಾಕಿ."

ಒಳಗೆ ಬಾ ಎಂದೆನೋ ಇಲ್ಲವೋ ನೆನಪಿಲ್ಲ. ಅವಳು ಬಂದು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಚಂಡಮಾರುತದ ವಾರ ಅವಳು ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಬೆಂಗಳೂರಿಗೆ ಬಂದಿದ್ದಳಂತೆ. ಹಾಗಾಗಿ ಉಳಿದಳು. ಈಗ ಸುದ್ದಗುಂಟೆಪಾಳ್ಯದಲ್ಲಿ ಆ ತಮ್ಮ ಚನ್ನವೀರನ ಮನೆಯಲ್ಲೇ ಇದ್ದಾಳೆ, ಅಂಗಡಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಪ್ಲಾಸ್ಟಿಕ್ಕಿನೊಳಗಿಂದ ನನ್ನ ಕಾರ್ಡು ತೆಗೆದಳು.

"ನಾ ಹೊಂಟಾಗ ಇದನ್ನ ಕೊಟ್ಟಿದ್ರು. ಬೆಂಗಳೂರಾಗ ಏನರ ತ್ರಾಸ ಆದ್ರ ಈ ಬಾಯಾರ ಕಡಿ ಹೋಗು, ಹತ್ತೊಂಬತ್ತು ವರ್ಷದಾಗ ನನ್ನ ಮಾತು ಕೇಳಿದಾಕಿ ಈಕಿ ಒಬ್ಬಾಕಿ ಅಂದಿದ್ರು. ಗೋದಾಮಿನ ಮ್ಯಾಲ ಉಳದ ಮಂದಿ ಆಮ್ಯಾಲ ನನಗ ಹೇಳಿದ್ರು. ಅವತ್ತು ಎಲ್ಲಾರೂ ಗೋದಾಮು ಹತ್ತಾಕ ಹತ್ತಿದ್ರಂತ. ಇವರು ಓಡಿ ಬಂದು, ಬ್ಯಾಡ್ರಪಾ, ಹೊಸಾದಕ್ಕ ಬರ್ರಿ, ಬೆಂಗಳೂರಿನವರು ನನ್ನ ಮೊಳ ಹಿಡಿದು ಕಟ್ಟಿಸ್ಯಾರ ಅಂತ ಕೈ ಹಿಡಿದು ಹಿಡಿದು ಕರಕೊಂಡು ಹ್ವಾದ್ರಂತ."

ಅವಳು ಅಳಲಿಲ್ಲ. ಹೇಳಿ ಹೇಳಿ ಅಳು ಸವೆದುಹೋಗಿತ್ತು.

"ನಾ ಬಂದದ್ದು ಯಾಕಂದ್ರ, ಆ ದಾರ ಇಟ್ಟೀರೇನು? ಅವರು ಸಿಗಲಿಲ್ರಿ. ಮನಿನೂ ಹೋತು. ಫೋಟೋ ಸುದ್ದಾ ಇಲ್ಲ ನನ್ನ ಕಡಿ. ಅವರದು ಅಂತ ಭೂಮಿ ಮ್ಯಾಲ ಏನರ ಇದ್ರ ಆ ದಾರ ಒಂದ."

ಇತ್ತು. ಆಫೀಸು ಮುಚ್ಚಿದ ದಿನ ಕವರನ್ನು ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಎಸೆಯಲು ಧೈರ್ಯವಿರಲಿಲ್ಲ. ತಂದುಕೊಟ್ಟೆ. ತಂಗೆವ್ವ ದಾರದ ಒಂದು ಗಂಟನ್ನು ತನ್ನ ಮೊಳಕೈಗೆ ಒತ್ತಿ ಹಿಡಿದು ಕೈಯುದ್ದಕ್ಕೂ ಎಳೆದಳು. ಇನ್ನೊಂದು ಗಂಟು ಅವಳ ನಡುಬೆರಳು ದಾಟಿ ಮೂರು ಬೆರಳು ಮುಂದೆ ಹೋಯಿತು. ಅವಳು ಆ ಗಂಟನ್ನೇ ನೋಡುತ್ತಾ ಕೂತಳು.

"ಕೈ ಉದ್ದ ಇತ್ತ್ರಿ ಅವರದು," ಎಂದಳು.

ದಾರವನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು: "ಅಕ್ಕಾರ, ನಿಮಗ ತಿಳೀತೈತಿ ಅಂತ ಕೇಳತೀನಿ. ನೀವು ಹನ್ನೆರಡು ಮೊಳಕ್ಕಿಂತ ಮ್ಯಾಲನ ಕಟ್ಟಿಸೀರಿ. ಅದರ ಮ್ಯಾಲೂ ನೀರು ಬಂತಂದ್ರ ಎಷ್ಟು ಏರಿರಬೇಕ್ರಿ ಅದು? ಹದಿನೈದು ಮೊಳ ಆಗಿರಬೇಕಲ್ರಿ? ಮನಿಷಾರ ಕೈಯಾಗಿಂದಲ್ಲ, ದೇವರ ಸಿಟ್ಟು ಅಂತ ತಿಳಕೊಂಡೀನಿ. ಹೌದಲ್ರಿ?"

ಹೌದು ಎಂದಿದ್ದರೆ ಸಾಕಿತ್ತು. ಅವಳು ಕೈಮುಗಿದು, ದಾರ ತೆಗೆದುಕೊಂಡು, ನನ್ನನ್ನು ನೆನೆಸಿಕೊಂಡು ಹೋಗುತ್ತಿದ್ದಳು. ಬಾಯಲ್ಲಿ 'ಹೌದು' ಬಂದೂ ಇತ್ತು. ಆದರೆ ಅನಂತರಾಮು ನೆಲದ ಮೇಲೆ ಮಂಡಿಯೂರಿದ್ದು ಕಣ್ಣಿಗೆ ಕಟ್ಟಿತು. ಇನ್ನೊಬ್ಬರಿಗೆ ಅದೇ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಹನ್ನೆರಡೇ ಮೊಳ ಏರಿದ್ದು ತಂಗೆವ್ವ. ಮುಂಚೆ ಬಂದಷ್ಟೇ. ಕಟ್ಟಿದ್ದು ಒಂಬತ್ತಕ್ಕೆ."

"ಒಂಬತ್ತು?" ಅವಳು ಕಾರ್ಡನ್ನು ತೋರಿಸಿದಳು. "ಇದರಾಗ ಹನ್ನೆರಡು ಅಂತ ಬರದೀರಲ್ರಿ."

"ಸುಳ್ಳು ಬರೆದೆ. ದಾರ ನಾನು ಸಾಹೇಬರಿಗೆ ಕೊಡಲೇ ಇಲ್ಲ. ಡ್ರಾಯರಲ್ಲಿಟ್ಟುಕೊಂಡೆ."

"ಯಾಕ್ರಿ?"

"ನನ್ನ ಟೇಬಲ್ಲು ಕಿಟಕಿ ಹತ್ರ ಇತ್ತು. ಸಾಹೇಬರು ನನ್ನ ಕೇಳ್ದೆ ಅದನ್ನ ತೆಗೆಸಿಬಿಟ್ರು. ಅದಕ್ಕೆ ಅವರ ಜೊತೆ ಮಾತು ಬಿಟ್ಟಿದ್ದೆ. ಅವರಾಗೇ ಕೇಳಿದ್ರೆ ಕೊಡೋಣ ಅಂತಿದ್ದೆ."

ತಂಗೆವ್ವ ನನ್ನ ಮುಖ ನೋಡುತ್ತಲೇ ಇದ್ದಳು. ಇದಾದ ಮೇಲೆ ಇನ್ನೇನೋ ದೊಡ್ಡ ಕಾರಣ ಹೇಳುತ್ತೇನೆ ಎಂದು ಕಾಯುತ್ತಿದ್ದಳು ಅಂತ ಕಾಣುತ್ತದೆ. ಕುಕ್ಕರು ಎರಡು ಸಲ ಕೂಗಿತು.

"ಅಷ್ಟನ ಏನ್ರಿ?" ಎಂದಳು.

"ಅಷ್ಟೇ."

ದಾರವನ್ನು ನಾಲ್ಕು ಬೆರಳಿಗೆ ಸುತ್ತಿದಳು, ಸೆರಗಿನ ತುದಿಗೆ ಗಂಟು ಹಾಕಿದಳು. ಕಾರ್ಡನ್ನು ನೆಲದ ಮೇಲೆ, ನನ್ನ ಕಾಲ ಹತ್ತಿರ ಇಟ್ಟಳು. ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬರುತ್ತೇನೆ ಎನ್ನಲಿಲ್ಲ. ಬೈಯಲಿ, ಮಣ್ಣು ತೂರಲಿ, ಬೀದಿಯವರೆಲ್ಲ ಸೇರುವಂತೆ ಶಾಪ ಹಾಕಲಿ ಎಂದು ಗೇಟಿನವರೆಗೂ ಹಿಂದೆ ಹಿಂದೆ ಹೋದೆ. ಅವಳು ತಿರುಗಿ ಕೂಡ ನೋಡದೆ ಬಸ್ ಸ್ಟಾಪಿನ ಕಡೆ ನಡೆದಳು.

ಅದಾದ ಮೇಲೆ ಸುದ್ದಗುಂಟೆಪಾಳ್ಯಕ್ಕೆ ನಾನೇ ಹೋದೆ. ಒಂದು ಸಲವಲ್ಲ, ವರ್ಷಕ್ಕೊಂದು ಸಲ, ಆ ನವೆಂಬರ್ ದಿನ. ಪ್ರತಿ ಸಲ ಚನ್ನವೀರ ಬಾಗಿಲಿಗೆ ಬಂದು, ಒಳಗೆ ಹೋಗಿ ಕೇಳಿ, ಮತ್ತೆ ಬಂದು ನೆಲ ನೋಡುತ್ತಾ ಒಂದೇ ಮಾತು ಹೇಳುತ್ತಾನೆ: "ಅಕ್ಕ ನಿಮ್ಮ ಜೋಡಿ ಮಾತಾಡಂಗಿಲ್ಲಂತ್ರಿ." ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತದೆ. ಹೋದ ನವೆಂಬರಿಗೆ ಎಂಟು ವರ್ಷವಾಯಿತು.